ಎಣಿಸುತ್ತಿದ್ದೇನೆಂದು ಹೇಳಬಾರದು

ವಾರ್ಡಿನಲ್ಲಿ ಮೊದಲು ಕಲಿತದ್ದು ಈ ಸಣ್ಣ ಮೋಸ:
ರೋಗಿಯ ಮಣಿಕಟ್ಟು ಹಿಡಿದು, ನಾಡಿ ನೋಡುವವಳಂತೆ ನಟಿಸಿ
ಕಣ್ಣು ಮಾತ್ರ ಎದೆಯ ಮೇಲಿಡುವುದು.
ಉಸಿರೆಣಿಸುತ್ತೇನೆ ಅಂದರೆ ಮುಗಿಯಿತು,
ಉಸಿರಿಗೆ ನಾಚಿಕೆಯಾಗುತ್ತದೆ,
ಫೋಟೋಕ್ಕೆ ನಿಂತ ಹುಡುಗನ ಹಾಗೆ ಸೆಟೆದುಕೊಳ್ಳುತ್ತದೆ.

ಇವತ್ತು ಭಾನುವಾರ. ಗಿಂಡಾದಿಂದ ಅಸ್ಮಾರಕ್ಕೆ ಏರುದಾರಿ.
ತಂಗಿ ಲುವಾಮ್ ಸೈಕಲ್ಲಿನ ಮೇಲೆ.
ಅವಳ ಮುಂದೆ ಹೋಗುವ ತೆಕೆಸ್ತೆಯ ಹಳೇ ಪಿಕಪ್ಪಿನಲ್ಲಿ
ಹಿಮ್ಮುಖವಾಗಿ ಕೂತವಳು ನಾನು.
ಎರಡು ಬಿಡಿ ಗಾಲಿ, ಒಂದು ಕ್ಯಾನು ನೀರು,
ಮಂಡಿಯ ಮೇಲೆ ಗಡಿಯಾರ.
ಹಿಡಿಯಲು ಮಣಿಕಟ್ಟಿಲ್ಲ.

ತೆಕೆಸ್ತೆ ಕೈ ಎತ್ತಿದ. ಇನ್ನೂ ಇಳಿಸಿಲ್ಲ.
ಪೆಡಲು ಅಲುಗಿಲ್ಲ, ರಕ್ತದಲ್ಲಿ ಏನೂ ಹೆಚ್ಚುಕಡಿಮೆಯಿಲ್ಲ.
ಆದರೂ ಅವಳ ಎದೆ ಆಗಲೇ ಹೊರಟುಬಿಟ್ಟಿದೆ.
ತಲೆ ಕಾಲಿಗೆ ಬರೆದ ಕಾಗದದ ಒಂದು ಪ್ರತಿ
ಅದೇ ಗಳಿಗೆ ಉಸಿರಿಗೂ ಹೋಗಿರುತ್ತದಂತೆ.
ನೆಂಟರು ಬಾಗಿಲು ಬಡಿಯುವ ಮುನ್ನವೇ
ಅಮ್ಮನ ಕಾಫಿಯ ಜೆಬೆನಾ ಕೆಂಡದ ಮೇಲೆ.

ಮೊದಲ ತಿರುವು. ಇಪ್ಪತ್ತೆಂಟು.
ತೊಡೆಯೂ ಮಂಡಿಯೂ ಮೇಲಕ್ಕೆ ಹೇಳಿ ಕಳಿಸುತ್ತಿವೆ:
ಇಲ್ಲಿ ಕೆಲಸ ಶುರುವಾಗಿದೆ, ಗಾಳಿ ಕಳಿಸಿ.

ಗಾಳಿ ಸಾಲದೆ ಏದುಸಿರು ಬರುತ್ತದೆ ಅಂತ
ನಾನೂ ಬಹಳ ದಿನ ನಂಬಿದ್ದೆ.
ಹೆಚ್ಚಿನ ಪಾಲು ಹೊಗೆಯದೇ ಲೆಕ್ಕ.
ಒಲೆಯ ಮುಂದೆ ಕೂತವಳು ಕಿಟಕಿ ತೆಗೆಯುವುದು
ಆಕಾಶ ಬೇಕೆಂದಲ್ಲ, ಕಣ್ಣುರಿಯೆಂದು.
ಕುತ್ತಿಗೆಯ ಎರಡೂ ಪಕ್ಕ ಅಕ್ಕಿಕಾಳಿನಷ್ಟು ಕಾವಲುಗಾರರು
ಹಾದುಹೋಗುವ ರಕ್ತವನ್ನು ನೆಕ್ಕಿ ನೋಡುತ್ತಾರೆ, ಹುಳಿಯಾಯಿತೇ ಎಂದು.
ಮಿದುಳಿನ ಬುಡದಲ್ಲಿ ಒಂದು ಚಿಟಿಕೆ ಜೀವಕೋಶ,
ಲುವಾಮ್ ಹುಟ್ಟಿ ಅತ್ತ ರಾತ್ರಿಯಿಂದ ರಜೆ ಕೇಳಿಲ್ಲ.

ನೆಫಾಸಿತ್. ಮಂಜು. ಮೂವತ್ತೆಂಟು.
ರೈಲುಹಳಿಯ ಮೇಲೆ ಕೂತ ಬಬೂನುಗಳು
ನಮ್ಮನ್ನು ನೋಡಿ ಹೇನು ಹೆಕ್ಕುವುದಕ್ಕೆ ಮರಳಿದವು.

ವಿಚಿತ್ರವೆಂದರೆ, ಇಷ್ಟು ಏರಿದರೂ
ರಕ್ತದ ಖಾತೆ ಒಂದು ಕಾಸೂ ಆಚೀಚೆ ಆಗಿರುವುದಿಲ್ಲ.
ಹುಟ್ಟಿದಷ್ಟೂ ಹೊರಗೆ. ಬೇಕಾದಷ್ಟೂ ಒಳಗೆ.
ತಪ್ಪೇ ಆಗದಿದ್ದರೆ ತಿದ್ದುವವರು ಯಾರು, ಯಾವ ಸುಳಿವಿನಿಂದ?
ತರಗತಿಯಲ್ಲಿ ಎದ್ದುನಿಂತು ಕೇಳಿದ್ದೆ.
ಡಾಕ್ಟರ್ ಹಬ್ತೆಮರಿಯಂ ಕೈಯ ಸೀಮೆಸುಣ್ಣ ಒರೆಸಿಕೊಂಡು
"ಪೂರ್ತಿ ಯಾರಿಗೂ ಗೊತ್ತಿಲ್ಲ, ಮಗಳೇ" ಅಂದರು.
ಅವರ ಮೇಲೆ ಗೌರವ ಹುಟ್ಟಿದ್ದು ಆವತ್ತೇ.

ಮೂರನೇ ಹಾಸಿಗೆಯ ಬೆರಾಕಿಗೆ
ಪಾಯಖಾನೆವರೆಗಿನ ಹನ್ನೊಂದು ಹೆಜ್ಜೆಯೇ ಈ ಘಾಟಿ.
ಏಳನೆಯದರಲ್ಲಿ ನಿಂತು, ಗೋಡೆ ಹಿಡಿದು,
ಹಕ್ಕಿ ನೋಡುವ ನೆಪ ಹೂಡುತ್ತಾನೆ.
ಆ ಕಿಟಕಿಯಲ್ಲಿ ಹಕ್ಕಿ ಇರುವುದಿಲ್ಲ.

ಕೊನೆಯ ಏರು. ಈಗ ಖಾತೆ ಕೆಟ್ಟಿದೆ.
ತೊಡೆ ಹುಳಿ ಉಗುಳುತ್ತಿದೆ, ಕಾವಲಿನವರು ಕೂಗೆಬ್ಬಿಸಿದ್ದಾರೆ,
ಮೂಗು ಸಾಲದೆ ಬಾಯಿ, ಬಾಯಿ ಸಾಲದೆ ಹೆಗಲು.
ಐವತ್ತ... ಐವತ್ತೆರಡು...
"ಎಣಿಸಬೇಡ ಕಣೇ!"
ಆ ಎರಡು ಮಾತಿಗೆ ಒಂದು ಉಸಿರು ಖರ್ಚಾಗಿ
ಲಯ ಮುಗ್ಗರಿಸಿತು, ಚಕ್ರ ಒಂದು ಮೊಳ ಓಲಾಡಿತು.

ಗಡಿಯಾರವನ್ನು ಜೇಬಿಗೆ ಹಾಕಿದೆ.
ಕಣಿವೆ ನೋಡಿದೆ. ಮಂಜು ಬಿಟ್ಟು ಏನೂ ಇರಲಿಲ್ಲ,
ಅದನ್ನೇ ನೋಡಿದೆ, ಬೆರಾಕಿಯ ಹಾಗೆ.

ಊರು ಬಂತು. ಇಗರ್ಜಿಯ ಗಂಟೆ, ಬಿಳಿ ಹೊದ್ದ ಹೆಂಗಸರು.
ಕಾಲು ನಿಂತ ಕ್ಷಣವೇ ಉಸಿರು ಧೊಪ್ಪನೆ ಅರ್ಧಕ್ಕಿಳಿಯಿತು.
ಉಳಿದರ್ಧ ನಿಧಾನ, ಕಂತಿನ ಸಾಲ ಕಟ್ಟುವಂತೆ.

"ಎಷ್ಟಿತ್ತು?" ಅಂದಳು.
"ಬಿಟ್ಟುಬಿಟ್ಟೆ" ಅಂದೆ.
ನೀರಿನ ಬಾಟಲಿ ಕೊಡುತ್ತ ಮಣಿಕಟ್ಟು ಹಿಡಿದೆ.
"ನಾಡಿಯಾ? ನೋಡಿಕೋ" ಎಂದು ನಕ್ಕು
ಕೈ ನನಗೇ ಬಿಟ್ಟು ಆಚೆ ತಿರುಗಿದಳು.
"ಹ್ಞೂಂ, ನಾಡಿ" ಅಂದೆ.